ಏರ್‌ಶಿಪ್‌ಗೆ ಮೊದಲು ಕೊಟ್ಟಿಗೆ ಹಾಕಬೇಕು

ಒಬ್ಬರೇ ಕೂತು ತೆಂಗಿನ ತೋಟಗಳ ಮೇಲೆ ನಿಧಾನವಾಗಿ ತೇಲಿಕೊಂಡು ಹೋಗುವ ಪುಟ್ಟ ಏರ್‌ಶಿಪ್ ಒಂದನ್ನು ನಾವೇ ವಿನ್ಯಾಸ ಮಾಡಬೇಕು ಅನ್ನೋದು ನನ್ನ ಮತ್ತು ನನ್ನ ಗೆಳೆಯನ ಹಳೇ ಆಸೆ. ಏರ್‌ಶಿಪ್ ಅಂದರೆ ಹೀಲಿಯಂನಂಥ ಹಗುರ ಅನಿಲ ತುಂಬಿದ ಉದ್ದನೆ ಚೀಲದಿಂದ ತೇಲುವ, ಎಂಜಿನ್ನಿನಿಂದ ಮುಂದೆ ಹೋಗುವ ವಾಹನ. ನಾನು ಪೀಣ್ಯದಲ್ಲಿ ಯಂತ್ರಭಾಗಗಳ ಡ್ರಾಯಿಂಗ್ ಮಾಡುವವನು. ಅವನದು ಟೆಂಟು, ಟಾರ್ಪಾಲು, ಗಾಳಿ ತುಂಬಿಸಿ ನಿಲ್ಲಿಸುವ ಜಾಹೀರಾತು ಕಮಾನು ಮಾಡುವ ಕೆಲಸ. ಇಬ್ಬರಿಗೂ ಬೇಕಾದಷ್ಟು ಕೈಗೆಲಸ ಗೊತ್ತು. ಹಾಗಾಗಿ ಸುಮ್ನೆ ಮಾತಾಡುವುದು ಬಿಟ್ಟು ಕಾಗದ, ಪೆನ್ಸಿಲ್ ತೆಗೆದೆವು.

ಮೊದಲ ಲೆಕ್ಕ ತೂಕದ್ದು. ಕಡಲ ತೀರದಲ್ಲಿ 1 ಘನ ಮೀಟರ್ ಹೀಲಿಯಂ ಹೆಚ್ಚುಕಮ್ಮಿ 1 ಕೆಜಿ ಎತ್ತುತ್ತದೆ. ಬೆಂಗಳೂರು, ತುಮಕೂರು ಕಡೆಯ ಊರುಗಳು ಸಮುದ್ರ ಮಟ್ಟದಿಂದ 800-900 ಮೀಟರ್ ಮೇಲಿವೆ. ಇಲ್ಲಿ ಗಾಳಿಯೇ ತೆಳು. ಹಾಗಾಗಿ ನಮಗೆ ಸಿಗುವುದು 900 ಗ್ರಾಂ ಅಷ್ಟೇ. 250 ಘನ ಮೀಟರ್ ಚೀಲ ಮಾಡಿದರೆ 225 ಕೆಜಿ ಎತ್ತುತ್ತದೆ. ಅದರಲ್ಲಿ ಮನುಷ್ಯ 75, ಎಂಜಿನ್ನು, ಪ್ರೊಪೆಲ್ಲರು, ಪೆಟ್ರೋಲು ಸೇರಿ 40, ಕೂರುವ ತೊಟ್ಟಿಲು 30, ಚೀಲದ ಬಟ್ಟೆ 50, ಬಾಲದ ರೆಕ್ಕೆ, ಹಗ್ಗ, ಒಳಗಿನ ಗಾಳಿಚೀಲ ಇತ್ಯಾದಿ 20. ಉಳಿಯುವುದು 10 ಕೆಜಿ. ಅದು ಮರಳಿನ ಮೂಟೆಗೆ ಬೇಕು. ಕೂರುವವರು ಸ್ವಲ್ಪ ದಪ್ಪಗಿದ್ದರೆ ಅದೂ ಇಲ್ಲ.

ಚಿಕ್ಕದು ಮಾಡುವುದು ಸುಲಭ ಅಂತ ಎಲ್ಲರಿಗೂ ಅನ್ನಿಸುತ್ತದೆ, ಅಲ್ವಾ? ಏರ್‌ಶಿಪ್ ವಿಷಯದಲ್ಲಿ ಇದು ತಿರುಗಾಮುರುಗಾ. ಉದ್ದ, ದಪ್ಪ ಎರಡನ್ನೂ ಅರ್ಧ ಮಾಡಿದರೆ ಬಟ್ಟೆ ಕಾಲು ಭಾಗಕ್ಕೆ ಇಳಿಯುತ್ತದೆ, ಆದರೆ ಒಳಗಿನ ಅನಿಲ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಚಿಕ್ಕದಾದಷ್ಟೂ ಚೀಲ ತನ್ನ ಭಾರವನ್ನೇ ಹೊರುವುದರಲ್ಲಿ ಸುಸ್ತು. ಜಲಜನಕ ತುಂಬಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಅದು ಹೀಲಿಯಂಗಿಂತ ಹೆಚ್ಚು ಎತ್ತುವುದು ನೂರಕ್ಕೆ 8ರಷ್ಟು ಮಾತ್ರ. ಅಷ್ಟಕ್ಕಾಗಿ ಬೆಂಕಿಯ ಭಯ ತಲೆ ಮೇಲೆ ಕಟ್ಟಿಕೊಳ್ಳಲು ನಾನು ಒಪ್ಪುವುದಿಲ್ಲ.

250 ಘನ ಮೀಟರ್ ಅಂದರೆ ಕಣ್ಣಿಗೆ ಎಷ್ಟು? ಸುಮಾರು 20 ಮೀಟರ್ ಉದ್ದ, 5 ಮೀಟರ್ ದಪ್ಪ. ಒಬ್ಬರಿಗೆ! ಈ ಗಾತ್ರ ಇಟ್ಟುಕೊಂಡು ಶಕ್ತಿಯ ಲೆಕ್ಕ ಹಾಕಿದಾಗ ನಮಗೆ ಖುಷಿಯೇ ಆಯಿತು. ಗಂಟೆಗೆ 36 ಕಿಲೋಮೀಟರ್ ವೇಗಕ್ಕೆ 2 ಕಿಲೋವ್ಯಾಟ್ ಸಾಕು, ಅಂದರೆ ಮೂರು ಅಶ್ವಶಕ್ತಿಯ ಒಳಗೆ. ಆದರೆ ವೇಗ ಎರಡರಷ್ಟು ಬೇಕೆಂದರೆ ಶಕ್ತಿ ಎಂಟರಷ್ಟು ಬೇಕು. ಎದುರು ಗಾಳಿ 36ರಲ್ಲಿ ಬೀಸಿದರೆ ಎಷ್ಟು ಹೊತ್ತು ಎಂಜಿನ್ ಓಡಿಸಿದರೂ ಇದ್ದಲ್ಲೇ ಇರಬೇಕಾಗುತ್ತದೆ.

ಕಾಗದದ ಮೇಲೆ ಇಷ್ಟು ತಿಳಿದ ಮೇಲೆ ಮಾದರಿ ಮಾಡಿ ನೋಡೋಣ ಅಂದುಕೊಂಡೆವು. 6 ಮೀಟರ್ ಉದ್ದ, ಒಂದೂವರೆ ಮೀಟರ್ ದಪ್ಪ. ಒಳಗೆ 7 ಘನ ಮೀಟರ್, ದೊಡ್ಡ ಸಿಲಿಂಡರ್ ಒಂದರಲ್ಲಿ ಬರುವಷ್ಟು ಹೀಲಿಯಂ. ಪಾಲಿಯುರೆಥೇನ್ ಲೇಪದ ತೆಳು ನೈಲಾನ್ ಬಟ್ಟೆಯನ್ನು ಗೆಳೆಯ ಎರಡೂ ತುದಿ ಚೂಪಾದ ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ, ಬಿಸಿ ಒತ್ತಿ ಅಂಟಿಸಿದ. ಹೊಲಿಗೆ ಹಾಕುವಂತಿಲ್ಲ. ಸೂಜಿ ತೂತು ಎಷ್ಟು ಸಣ್ಣದಿದ್ದರೂ ಹೀಲಿಯಂಗೆ ಅದು ಬಾಗಿಲೇ. ಅಂಟಿಸಿದ ಸಾಲುಗಳಿಗೆ ಸೋಪಿನ ನೀರು ಬಳಿದು ಗುಳ್ಳೆ ಬರುತ್ತದಾ ಅಂತ ಬೆರಳಿಟ್ಟು ನೋಡುತ್ತಾ ಹೋದ ಅವನ ತಾಳ್ಮೆ ದೊಡ್ಡದು.

ಪರೀಕ್ಷೆಗೆ ಜಾಗ ಕೊಟ್ಟವರು ತಿಪಟೂರಿನ ಹತ್ತಿರ ಇರುವ ನನ್ನ ಸೋದರಮಾವ. ತೋಟದ ಪಕ್ಕ ಅವರದೊಂದು ಕೊಬ್ಬರಿ ಗೋಡೌನು ಇದೆ. ಆ ವರ್ಷ ಅರ್ಧ ಖಾಲಿ ಇತ್ತು. ಡಿಸೆಂಬರ್ ತಿಂಗಳು, ಬೆಳಕು ಹರಿಯುವ ಮುಂಚೆ ಹೋಗಿ ಸೇರಿದೆವು. ಎಲೆ ಅಲ್ಲಾಡುತ್ತಿರಲಿಲ್ಲ. ನಮಗೆ ಬೇಕಾಗಿದ್ದ ಹೊತ್ತು ಅದೇ.

ನೆಲಕ್ಕೆ ಟಾರ್ಪಾಲು ಹಾಸಿ, ಅದರ ಮೇಲೆ ಚೀಲ ಬಿಡಿಸಿ, ಸಿಲಿಂಡರ್ ತಿರುಪು ನಿಧಾನವಾಗಿ ತೆರೆದೆವು. ಆ ಸಿಲಿಂಡರ್ ಇಳಿಸಲು ಮೂರು ಜನ ಬೇಕಾಯಿತು. ಐವತ್ತು ಕೆಜಿಗೂ ಜಾಸ್ತಿ ಉಕ್ಕು, ಒಳಗಿನ ಅನಿಲದ ತೂಕ ಒಂದು ಕೆಜಿ ಚಿಲ್ಲರೆ. ಚೀಲದ ಬೆನ್ನು ಮೆಲ್ಲಗೆ ಮೇಲೆದ್ದಿತು. ಒಳಗೆ ಬ್ಯಾಲೊನೆಟ್ ಅಂತ ಇನ್ನೊಂದು ಸಣ್ಣ ಚೀಲ ಇಟ್ಟಿದ್ದೆವು. ಅದರಲ್ಲಿ ತುಂಬುವುದು ಬರೀ ಗಾಳಿ, ಪುಟ್ಟ ಫ್ಯಾನಿನಿಂದ. ಮೇಲೇರಿದಾಗ ಹೊರಗಿನ ಒತ್ತಡ ಇಳಿದು ಹೀಲಿಯಂ ಹಿಗ್ಗುತ್ತದೆ, 1000 ಮೀಟರಿಗೆ ಸುಮಾರು ನೂರಕ್ಕೆ 10ರಷ್ಟು. ಆಗ ಈ ಗಾಳಿಯನ್ನು ಹೊರಗೆ ಬಿಡಬೇಕು. ಕೆಳಗಿಳಿಯುವಾಗ ಮತ್ತೆ ತುಂಬಬೇಕು. ಇಲ್ಲದಿದ್ದರೆ ಚೀಲ ಸಡಿಲವಾಗಿ ನಡು ಮುರಿಯುತ್ತದೆ. 1898ರಲ್ಲಿ ಪ್ಯಾರಿಸ್‌ನಲ್ಲಿ ಬ್ರೆಜಿಲ್‌ನ ಸಾಂಟೋಸ್ ಡುಮಾಂಟ್ ತನ್ನ ಮೊದಲ ಏರ್‌ಶಿಪ್‌ನಲ್ಲಿ ಇಳಿಯುವಾಗ ಗಾಳಿ ಪಂಪು ಸಾಲದೆ ಬಂತು. ಚೀಲ ಎರಡು ಮಡಿಕೆಯಾಗಿ ಬಾಗಿ ಆತ ಬಿದ್ದು ಬದುಕಿದ.

ಚೀಲದ ಒತ್ತಡ ನೋಡಲು ಪಾರದರ್ಶಕ ಪೈಪನ್ನು ಇಂಗ್ಲಿಷ್ 'ಯು' ಆಕಾರಕ್ಕೆ ಬಗ್ಗಿಸಿ ಕುಂಕುಮ ಕಲಸಿದ ನೀರು ಹಾಕಿದ್ದೆವು. ಎರಡು ಕಡೆಯ ನೀರಿನ ಮಟ್ಟದಲ್ಲಿ 3 ಸೆಂಟಿಮೀಟರ್ ವ್ಯತ್ಯಾಸ ಬಂದಾಗ ಚೀಲ ಟಂಯ್ ಅಂತ ಬಿಗಿಯಾಗಿ ನಿಂತಿತು. ಕಾರಿನ ಟಯರಿನಲ್ಲಿ ಇದರ ಏಳುನೂರು ಪಟ್ಟು ಒತ್ತಡ ಇರುತ್ತದೆ. ಇಷ್ಟು ಕಡಿಮೆ ಒತ್ತಡದಲ್ಲಿ ಬಟ್ಟೆಯೊಂದು ಆಕಾರ ಹಿಡಿದು ನಿಲ್ಲುವುದು ನೋಡಿದರೆ ಈಗಲೂ ನನಗೆ ಮೈ ಜುಂ ಅನ್ನುತ್ತದೆ.

ಆಮೇಲೆ ಮರಳಿನ ಪೊಟ್ಟಣ ನೇತುಹಾಕಿ ತೂಕ ಸಮ ಮಾಡಿದೆವು. ಎತ್ತುವ ಬಲ 6 ಕೆಜಿ ಚಿಲ್ಲರೆ. ಬಟ್ಟೆ, ರೆಕ್ಕೆ, ಮೋಟಾರು, ಬ್ಯಾಟರಿ ಕಳೆದು ಒಂದು ಕೆಜಿಗೂ ಸ್ವಲ್ಪ ಹೆಚ್ಚು ಮರಳು ಹಿಡಿಸಿತು. ಕೊನೆಯ ಹತ್ತು ಗ್ರಾಂ ಸೇರಿಸಿದಾಗ ಅದು ಎದೆಯ ಎತ್ತರದಲ್ಲಿ, ಮೇಲೂ ಹೋಗದೆ ಕೆಳಗೂ ಬರದೆ ನಿಂತುಬಿಟ್ಟಿತು. ಮಾವನ ಮೊಮ್ಮಗಳು ಒಂದು ಬೆರಳಲ್ಲಿ ತಳ್ಳಿದಳು. ಹೊರಟಿತು. ನಿಲ್ಲಿಸಲು ಹೋದರೆ ಅಷ್ಟು ಸುಲಭಕ್ಕೆ ನಿಲ್ಲಲಿಲ್ಲ! ತೂಕ ಇಲ್ಲ ಅಂದರೆ ಜಡತೆ ಇಲ್ಲ ಅಂತಲ್ಲ. ಅದರ ಒಟ್ಟು ದ್ರವ್ಯರಾಶಿ ಅದು ಪಕ್ಕಕ್ಕೆ ಸರಿಸಿದ ಗಾಳಿಯಷ್ಟೇ, ಏಳು ಕೆಜಿಗೂ ಜಾಸ್ತಿ. 20 ಮೀಟರಿನದಾದರೆ 260 ಕೆಜಿ. ಅದಕ್ಕೆ ಬ್ರೇಕ್ ಇಲ್ಲ.

ಬಿಸಿಲು ಬಿದ್ದ ಮೇಲೆ ಹಗ್ಗ ಕಟ್ಟಿಕೊಂಡೇ ಅಂಗಳಕ್ಕೆ ತಂದೆವು. ಸ್ವಲ್ಪ ಹೊತ್ತಿಗೆಲ್ಲ ಹಗ್ಗ ಬಿಗಿಯಾಗತೊಡಗಿತು. ಬಿಸಿಲಿಗೆ ಒಳಗಿನ ಅನಿಲ ಸುತ್ತಲಿನ ಗಾಳಿಗಿಂತ ಬಿಸಿಯಾಗಿ, ಬ್ಯಾಲೊನೆಟ್ಟಿನ ಗಾಳಿಯನ್ನು ಹೊರಗೆ ನೂಕಿ ಹಿಗ್ಗಿತ್ತು. 10 ಡಿಗ್ರಿ ವ್ಯತ್ಯಾಸಕ್ಕೆ ಈ ಮಾದರಿಯಲ್ಲಿ ಕಾಲು ಕೆಜಿ ಬಲ ಏರುತ್ತದೆ. ಮನುಷ್ಯ ಕೂರುವ ಗಾತ್ರದಲ್ಲಾದರೆ ಎಂಟು ಒಂಬತ್ತು ಕೆಜಿ. ಮೋಡ ಅಡ್ಡ ಬಂದರೆ ಅಷ್ಟೂ ಮಾಯ. ಮೇಲೆ ಕೂತವರು ಮರಳು ಚೆಲ್ಲುತ್ತಾ, ಮೂತಿ ಎತ್ತಿ ಇಳಿಸುತ್ತಾ ಇದನ್ನೇ ಸಂಭಾಳಿಸುತ್ತಿರಬೇಕು. ಪೆಟ್ರೋಲು ಉರಿದಷ್ಟೂ ಹಗುರವಾಗುವುದು ಬೇರೆ.

ಹತ್ತು ಗಂಟೆ ಹೊತ್ತಿಗೆ ಗಾಳಿ ಬಂತು. ಜೋರೇನಲ್ಲ. ಕೈಯಲ್ಲಿದ್ದ ಮಾಪಕ ಗಂಟೆಗೆ 18 ಕಿಲೋಮೀಟರ್ ತೋರಿಸಿತು. ತೆಂಗಿನ ಗರಿ ಚೆನ್ನಾಗಿ ತೂಗುವಷ್ಟು. ನಾವು ಅದಕ್ಕೇ ಕಾದಿದ್ದೆವು. ಹಗ್ಗಕ್ಕೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಮೊದಲು ಮೂತಿಯನ್ನು ಮಾತ್ರ ಕಂಬಕ್ಕೆ ಕಟ್ಟಿದೆವು. ಬಾಲ ತಾನೇ ತಿರುಗಿ ಗಾಳಿಗೆ ನೇರವಾಯಿತು. ತಕ್ಕಡಿ ಮುನ್ನೂರು, ನಾನೂರು ಗ್ರಾಂ ಸುತ್ತ ಆಡುತ್ತಿತ್ತು. ಆಮೇಲೆ ಮೂತಿ, ಬಾಲ ಎರಡನ್ನೂ ಹಿಡಿದು ಅಡ್ಡ ನಿಲ್ಲಿಸಿದೆವು. ಎರಡು ತಕ್ಕಡಿ ಸೇರಿ ಐದು ಕೆಜಿ ಮುಟ್ಟಿತು. ಅದೇ ಚೀಲ, ಅದೇ ಗಾಳಿ. ಅಡ್ಡ ನಿಂತರೆ ಹದಿನೈದು ಪಟ್ಟು ಎಳೆತ. ಇದನ್ನು 20 ಮೀಟರಿಗೆ ಏರಿಸಿ, ಗಾಳಿ 36 ಕಿಲೋಮೀಟರ್ ಅಂತ ಹಿಡಿದರೆ 200 ಕೆಜಿ ಭಾರದಷ್ಟು ಒತ್ತು. ಇಷ್ಟನ್ನು ಕೈಯಲ್ಲಿ ಹಿಡಿಯಲು ಒಂದು ಊರಿನ ಹಗ್ಗಜಗ್ಗಾಟದ ತಂಡ ಬೇಕು.

ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಅದನ್ನು ಒಳಗೆ ತರುವ ಹೊತ್ತು. ಗೋಡೌನಿನ ಬಾಗಿಲು ಗಾಳಿಗೆ ಅಡ್ಡವಾಗಿತ್ತು. ಮೂತಿ ಗೋಡೆಯ ಮರೆಗೆ ಹೋಯಿತು, ಬಾಲ ಇನ್ನೂ ಗಾಳಿಯಲ್ಲೇ ಇತ್ತು. ಅರ್ಧಕ್ಕೆ ಗಾಳಿ, ಅರ್ಧಕ್ಕೆ ಇಲ್ಲ. ಇಡೀ ದೇಹ ಬಾಗಿಲ ಚೌಕಟ್ಟನ್ನೇ ಆಧಾರ ಮಾಡಿಕೊಂಡು ತಿರುಗಲು ನೋಡಿತು. ನಾವು ನಾಲ್ಕು ಜನ ಹಗ್ಗಕ್ಕೆ ಜೋತುಬಿದ್ದು ಎಳೆದುಕೊಂಡೆವು. ಜರ್ಮನಿಯ ಕೌಂಟ್ ಜೆಪ್ಪೆಲಿನ್ ತನ್ನ ಮೊದಲ ಏರ್‌ಶಿಪ್‌ನ ಶೆಡ್ಡನ್ನು ಕಾನ್‌ಸ್ಟೆನ್ಸ್ ಸರೋವರದ ನೀರಿನ ಮೇಲೆ ತೇಲಿಸಿದ್ದು ಯಾಕೆ ಅಂತ ನನಗೆ ಮನಸ್ಸಿಗೆ ನಾಟಿದ್ದು ಆ ಬಾಗಿಲಲ್ಲಿ. ಗಾಳಿ ಯಾವ ಕಡೆ ತಿರುಗುತ್ತದೋ ಆ ಕಡೆ ಶೆಡ್ಡೂ ತಿರುಗಲಿ ಅಂತ. 1900ರ ಜುಲೈ 2ರಂದು ಆ ಏರ್‌ಶಿಪ್ ಆ ಸರೋವರದಿಂದಲೇ ಮೊದಲ ಸಲ ಏರಿತು. ಆತನ ನಾಲ್ಕನೆಯದು 1908ರ ಆಗಸ್ಟ್ 5ರಂದು ಎಖ್ಟರ್‌ಡಿಂಗೆನ್‌ನಲ್ಲಿ ಹಾಳಾಯಿತು. ಆಗ ಅದನ್ನು ನೆಲಕ್ಕೆ ಕಟ್ಟಿ ಹಾಕಿದ್ದರು, ಬಿರುಗಾಳಿ ಕಿತ್ತುಕೊಂಡು ಹೋಗಿ ಬೆಂಕಿ ಹತ್ತಿತು.

ಒಳಗೆ ಬಂದು ಬಾಗಿಲು ಹಾಕಿದ ಮೇಲೆ ಅತ್ತೆ ತಟ್ಟೆ ಇಡ್ಲಿ ಕಳಿಸಿದ್ದರು. ತಿನ್ನುತ್ತಾ ಕೂತಾಗ ಮಾವ ಕೇಳಿದರು: "ಅಲ್ಲ ಕಣಪ್ಪಾ, ಇದು ಇಪ್ಪತ್ತಡಿ. ನೀವು ಹೇಳೋದು ಅರವತ್ತೈದಡಿ. ಅದನ್ನ ರಾತ್ರಿ ಎಲ್ಲಿ ಕಟ್ತೀರಿ? ಎಮ್ಮೆ ಹಿಡ್ಕೊಂಡು ಬರೋ ಮುಂಚೆ ಕೊಟ್ಟಿಗೆ ಹಾಕ್ಬೇಕಲ್ವಾ?"

"ಹಾರಿಸಿ ಆದ್ಮೇಲೆ ಅನಿಲ ಬಿಟ್ಟು ಮಡಚಿಡಬಹುದು ಮಾವ," ಅಂದ ಗೆಳೆಯ.

"ಬಿಟ್ಟ ಅನಿಲ ವಾಪಸ್ ಬರ್ತದಾ?"

ಬರುವುದಿಲ್ಲ. ಮನುಷ್ಯ ಕೂರುವ ಚೀಲಕ್ಕೆ ಇಂಥ ಸಿಲಿಂಡರ್ ಮೂವತ್ತಕ್ಕೂ ಹೆಚ್ಚು ಬೇಕು. ನಮ್ಮ ದೇಶಕ್ಕೆ ಹೀಲಿಯಂ ಹೊರಗಿನಿಂದ ಬರಬೇಕು, ದರ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಹಾಗಾಗಿ ಒಮ್ಮೆ ತುಂಬಿದರೆ ಬಿಡುವಂತಿಲ್ಲ. ಬಿಡುವಂತಿಲ್ಲ ಅಂದರೆ ಚೀಲ ವರ್ಷವಿಡೀ ಉಬ್ಬಿಕೊಂಡೇ ಇರಬೇಕು. ಉಬ್ಬಿದ್ದನ್ನು ಮುಂಗಾರಿನ ಗಾಳಿಗೆ, ಏಪ್ರಿಲ್‌ನ ಆಲಿಕಲ್ಲಿಗೆ ಬಯಲಲ್ಲಿ ಬಿಡಲಾಗದು. ಶೆಡ್ ಬೇಕೇ ಬೇಕು. ಅದರ ಬೆಲೆ ಏರ್‌ಶಿಪ್‌ಗಿಂತ ಜಾಸ್ತಿ. ಮಾವ ಕೇಳಿದ್ದೇ ಇಡೀ ವಿನ್ಯಾಸದ ಮೊದಲ ಪ್ರಶ್ನೆ ಅಂತ ನಾನು ಈಗ ಗಟ್ಟಿಯಾಗಿ ನಂಬಿದ್ದೇನೆ. ಎಂಜಿನ್ನು, ಪ್ರೊಪೆಲ್ಲರು, ಚುಕ್ಕಾಣಿ ಎಲ್ಲ ಆಮೇಲಿನ ಮಾತು. ವಿಮಾನಯಾನ ಇಲಾಖೆಯ ಅನುಮತಿಯೂ ಬೇಕು. ಅದು ಕಾಗದ ಪತ್ರದ ದಾರಿ, ತಾಳ್ಮೆಯಿದ್ದರೆ ನಡೆಯಬಹುದು. ಗಾಳಿಯ ಜೊತೆ ಅರ್ಜಿ ನಡೆಯುವುದಿಲ್ಲ.

ಸಾಂಟೋಸ್ ಡುಮಾಂಟ್ 1903ರಲ್ಲಿ ತನ್ನ 9ನೇ ನಂಬರಿನ ಪುಟ್ಟ ಏರ್‌ಶಿಪ್‌ನಲ್ಲಿ ಪ್ಯಾರಿಸ್ ಬೀದಿಗೆ ಇಳಿದು, ಮನೆ ಮುಂದೆ ಕಟ್ಟಿ, ಒಳಗೆ ಹೋಗಿ ಕಾಫಿ ಕುಡಿದು ಬರುತ್ತಿದ್ದ ಕಥೆ ಎಲ್ಲರಿಗೂ ಇಷ್ಟ. ನನಗೂ ಇಷ್ಟ. ಸ್ವಂತ ಏರ್‌ಶಿಪ್ ಅಂದ ಕೂಡಲೇ ಕಣ್ಣ ಮುಂದೆ ಬರುವುದೇ ಅದು. ಆದರೆ ಪ್ಯಾರಿಸ್ ಪಕ್ಕದ ನೂಯಿಯಲ್ಲಿ ಆತನಿಗೆ ದೊಡ್ಡ ಶೆಡ್ ಇತ್ತು, ಜಲಜನಕ ತಯಾರಿಸುವ ವ್ಯವಸ್ಥೆ ಇತ್ತು, ಹಗ್ಗ ಹಿಡಿಯುವ ಕೆಲಸಗಾರರಿದ್ದರು. ಆ ಭಾಗವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ.

ಇದಕ್ಕೆ ಇನ್ನೊಂದು ದಾರಿ ಇದೆ. ಹೀಲಿಯಂ ಬದಲು ಬಿಸಿ ಗಾಳಿ. 1973ರಲ್ಲಿ ಇಂಗ್ಲೆಂಡಿನ ಕ್ಯಾಮರಾನ್ ಕಂಪನಿ ಬಿಸಿ ಗಾಳಿಯ ಏರ್‌ಶಿಪ್ ಹಾರಿಸಿತು. 2006ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಡಾನ್ ನಾಚ್‌ಬಾರ್ ಎಂಬವರ ತಂಡ ಕೊಡೆಯಂತೆ ಮಡಚುವ ಕಡ್ಡಿಗಳಿರುವ ಒಂದನ್ನು ಹಾರಿಸಿತು. ಅದಕ್ಕೆ ಸಾಂಟೋಸ್ ಡುಮಾಂಟ್ ನೆನಪಿಗೆ 'ಆಲ್ಬರ್ಟೋ' ಅಂತ ಹೆಸರಿಟ್ಟರು. ಬಿಸಿ ಗಾಳಿಯಾದರೆ ಸಂಜೆ ಬಿಟ್ಟುಬಿಡಬಹುದು, ಮಡಚಬಹುದು, ಬೆಳಗ್ಗೆ ಮತ್ತೆ ಮಾಡಿಕೊಳ್ಳಬಹುದು. ಆದರೆ ನಮ್ಮ ಎತ್ತರದಲ್ಲಿ 100 ಡಿಗ್ರಿಗೆ ಕಾಯಿಸಿದ ಗಾಳಿ ಘನ ಮೀಟರಿಗೆ ಎತ್ತುವುದು 200 ಗ್ರಾಂ. ಅದೇ 225 ಕೆಜಿಗೆ 1100 ಘನ ಮೀಟರ್ ಬೇಕು, 32 ಮೀಟರ್ ಉದ್ದ, 8 ಮೀಟರ್ ದಪ್ಪ. ಬಟ್ಟೆಯ ತೂಕ, ಒಲೆಯ ತೂಕ, ಗ್ಯಾಸಿನ ತೂಕ ಸೇರಿಸಿದರೆ ಇನ್ನೂ ದೊಡ್ಡದು. ಅಷ್ಟು ದಪ್ಪದ್ದು ಗಾಳಿಗೆ ಎದುರು ಹೋಗುವುದೂ ನಿಧಾನ. ಗೆಳೆಯ ಇದರ ಕಡೆ ವಾಲಿದ್ದಾನೆ. ನನ್ನ ಮನಸ್ಸು ಇನ್ನೂ ಹೀಲಿಯಂ ಕಡೆಗೇ ಇದೆ, ಯಾಕೆಂದರೆ ಸದ್ದಿಲ್ಲದೆ ನಿಲ್ಲುವ ಗುಣ ಅದಕ್ಕಿದೆ. ಬಿಸಿ ಗಾಳಿಯದಕ್ಕೆ ಒಲೆ ಭುಸ್ ಅನ್ನುತ್ತಲೇ ಇರಬೇಕು.

ಅದೇನೇ ಇರಲಿ, ಡ್ರಾಯಿಂಗಿನ ಕ್ರಮವನ್ನು ಬದಲಾಯಿಸಿದ್ದೇವೆ. ಈಗ ನಮ್ಮ ಬೋರ್ಡಿನ ಮೇಲಿರುವುದು ಕಟ್ಟುವ ಕಂಬ. ಮೂತಿ ಸಿಕ್ಕಿಸಿದರೆ ಸುತ್ತಲೂ ಸಲೀಸಾಗಿ ತಿರುಗಬೇಕು, ಅದಕ್ಕೆ ಟ್ರ್ಯಾಕ್ಟರ್ ಟ್ರೇಲರಿನ ಚಕ್ರದ ಹಬ್ಬು, ಬೇರಿಂಗು ಹಾಕಿ ನೋಡುತ್ತಿದ್ದೇನೆ. ಅದರ ಸುತ್ತ 25 ಮೀಟರ್ ತ್ರಿಜ್ಯದಲ್ಲಿ ಒಂದೇ ಒಂದು ತೆಂಗಿನ ಮರ ಇರಬಾರದು. ಮಾವನ ತೋಟದಲ್ಲಿ ಅಂಥ ಜಾಗ ಇಲ್ಲ. ಕೆರೆಯ ಹಿಂದಿನ ಗೋಮಾಳವನ್ನು ಟೇಪು ಹಿಡಿದು ಅಳೆಯಲು ಮುಂದಿನ ಭಾನುವಾರ ಹೋಗುತ್ತಿದ್ದೇವೆ.