ಬಾಗಿಲು ಸರ್ಕ್ಯೂಟ್ ಹಲಗೆ: ಮೂರನೇ ವಾರ

ಮೆಟ್ರೋ ಬೋಗಿಗಳ ಎಲೆಕ್ಟ್ರಿಕಲ್ ಟೆಸ್ಟಿಂಗ್ ನನ್ನ ಕೆಲಸ. ಹೊಸದಾಗಿ ಬರುವ ಐಟಿಐ ಹುಡುಗರಿಗೆ ಫಾಲ್ಟ್ ಹುಡುಕುವುದನ್ನು ಕಲಿಸಲು ಮನೆಯಲ್ಲೇ ಬಾಗಿಲು ಸರ್ಕ್ಯೂಟಿನ ಒಂದು ಮಾದರಿ ಹಲಗೆ ಕಟ್ಟುತ್ತಿದ್ದೇನೆ. ನಿಜವಾದ ಬೋಗಿಯಲ್ಲಿ ಬೇಕಂತಲೇ ವೈರ್ ಕಿತ್ತು ಕಲಿಸಲು ಆಗುವುದಿಲ್ಲ, ಅಲ್ವಾ?

ನಮ್ಮ ಮೆಟ್ರೋದ ಆರು ಬೋಗಿಯ ರೈಲನ್ನೇ ತೆಗೆದುಕೊಳ್ಳಿ. ಪ್ರತಿ ಬೋಗಿಗೆ ಒಂದು ಬದಿಯಲ್ಲಿ ನಾಲ್ಕು ಬಾಗಿಲು, ಅಂದರೆ ಆ ಬದಿಗೆ ಒಟ್ಟು 24. ಬಾಗಿಲುಗಳ ಸ್ವಿಚ್‌ಗಳು ಸರಪಳಿಯಂತೆ ಒಂದರ ಹಿಂದೆ ಒಂದು. ಎಲ್ಲ ಬಾಗಿಲೂ ಮುಚ್ಚಿದರೆ ಮಾತ್ರ ರಿಲೇ, ಅಂದರೆ ಕರೆಂಟ್ ಬಂದಾಗ ತಾನೇ ಎಳೆದುಕೊಳ್ಳುವ ಸ್ವಿಚ್, ಎಳೆಯುತ್ತದೆ; ಆಗಲೇ ರೈಲು ಹೊರಡಬಹುದು. ಒಂದು ಕೊಂಡಿ ಸಡಿಲವಾದರೂ ರೈಲು ಕದಲುವುದಿಲ್ಲ.

ಮೊದಲ ವಾರ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗಿ ಎಂಟು ಲಿಮಿಟ್ ಸ್ವಿಚ್ (ಬಾಗಿಲಿನ ಸ್ವಿಚ್‌ನಂತೆ ಒತ್ತಿದರೆ ಕೆಲಸ ಮಾಡುವಂಥದ್ದು), ಒಂದು ರಿಲೇ, ವೈರ್ ಜೋಡಿಸುವ ಟರ್ಮಿನಲ್‌ಗಳನ್ನು ತಂದೆ. ಎರಡನೇ ವಾರ ವೈರಿಂಗ್ ಮುಗಿಯಿತು, ಪ್ರತಿ ವೈರಿನ ಎರಡೂ ತುದಿಗೆ ನಂಬರ್ ಹಾಕಿದೆ. ಸಪ್ಲೈ 24 ವೋಲ್ಟ್. ಹುಡುಗರು ಹೆದರದೆ ಕೈ ಹಾಕಲಿ ಅಂತ. ರೈಲಿನ 750 ವೋಲ್ಟ್ ಬೇರೆಯೇ ಲೋಕ. ಅಲ್ಲಿ ಸಪ್ಲೈ ಆಫ್ ಮಾಡಿದ ಮೇಲೂ ಇನ್ವರ್ಟರಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಕಾಯಬೇಕು, ಟೆಸ್ಟರ್ ಹಿಡಿದು ನೋಡಬೇಕು, ಅರ್ತ್ ಮಾಡಬೇಕು. ಆಮೇಲೇ ಕೈ.

ಈ ವಾರದ ಕೆಲಸ ನನಗೆ ತುಂಬಾ ಮುಖ್ಯ. ಹಿಂದೆ ಒಂದು ರಾತ್ರಿ ಪಾಳಿಯಲ್ಲಿ ಒಂದು ಬಾಗಿಲು ಸರ್ಕ್ಯೂಟ್ ಬೆಳಗಿನವರೆಗೂ ಕಾಡಿತ್ತು. ಮೀಟರ್ ಹಿಡಿದರೆ, ವೈರ್ ತುಂಡಾಗಿಲ್ಲ ಎನ್ನುವ ಬೀಪ್ ಸರಿಯಾಗಿಯೇ ಬರುತ್ತಿತ್ತು. ಆದರೆ ಯಾರಾದರೂ ಬೋಗಿಯೊಳಗೆ ನಡೆದಾಡಿದರೆ ರಿಲೇ ಬಿಟ್ಟುಬಿಡುತ್ತಿತ್ತು. ಕೊನೆಗೆ ಒಂದೊಂದೇ ವೈರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯುತ್ತಾ ಹೋದೆ. ಒಂದು ಕಡೆ ಫೆರೂಲ್ (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ಕೊಳವೆ) ಟರ್ಮಿನಲ್ಲಿನಲ್ಲೇ ಉಳಿಯಿತು, ವೈರ್ ಕೈಗೆ ಬಂತು. ತುದಿ ಸುಲಿದದ್ದು ಕಡಿಮೆಯಾಗಿ, ಫೆರೂಲ್ ಪ್ಲಾಸ್ಟಿಕ್ ಸಿಪ್ಪೆಯ ಮೇಲೇ ಕಚ್ಚಿಕೊಂಡಿತ್ತು. ತಾಮ್ರದ ಎರಡು ಎಳೆ ಸುಮ್ನೆ ತಾಗಿಕೊಂಡಿದ್ದವು, ಅಷ್ಟೇ.

ಬೀಪ್ ಬಂದರೆ ಸಾಲದು ಎನ್ನುವುದು ಹುಡುಗರ ಕೈಗೆ ಅಭ್ಯಾಸವಾಗಬೇಕು. ಅದಕ್ಕೇ 5 ಮತ್ತು 6ನೇ ಟರ್ಮಿನಲ್ ನಡುವೆ, ಹಲಗೆಯ ಹಿಂಬದಿಯಲ್ಲಿ, ಕೆಟ್ಟ ಕೊಂಡಿಯಂತೆ ಕರೆಂಟಿಗೆ ತಡೆಯೊಡ್ಡುವ 22 ಓಮ್‌ನ ಒಂದು ರೆಸಿಸ್ಟರ್ ಬಚ್ಚಿಟ್ಟೆ. ಕೊನೆಯಲ್ಲಿ ರಿಲೇ ಜೊತೆಗೆ 10 ವ್ಯಾಟಿನ ಬಲ್ಬನ್ನೂ ಲೋಡ್ ಆಗಿ ಹಾಕಿದೆ. ನನ್ನ ಮೀಟರ್ 22 ಓಮ್‌ಗೂ ಬೀಪ್ ಅನ್ನುತ್ತದೆ, ಆದರೆ ಬಲ್ಬ್ ಮಂಕು.

ಭಾನುವಾರ ಪಕ್ಕದ ಬೀದಿಯ ಟ್ರೇನಿ ಹುಡುಗ ಬಂದಿದ್ದ. ಅರ್ಧ ಗಂಟೆ ಬೀಪ್ ಕೇಳುತ್ತಲೇ ಕೂತ. "ಎಲ್ಲಾ ಸರಿ ಇದೆಯಲ್ಲ ಅಣ್ಣ!" ಅಂದ. "ಬಲ್ಬ್ ಉರಿಯುವಾಗಲೇ ಅಳೆದು ನೋಡಪ್ಪ" ಅಂದೆ. ಮೀಟರನ್ನು ವೋಲ್ಟ್‌ಗೆ ತಿರುಗಿಸಿ ಒಂದೊಂದು ಕೊಂಡಿಯ ಮೇಲೆ ಇಡುತ್ತಾ ಬಂದ. ಕೊಂಡಿ ಸರಿ ಇದ್ದರೆ ಸೊನ್ನೆ ಬರಬೇಕು. ಸೊನ್ನೆ, ಸೊನ್ನೆ, ಸೊನ್ನೆ. 5 ಮತ್ತು 6ರ ನಡುವೆ ಹತ್ತಿರ ಹತ್ತಿರ 7 ವೋಲ್ಟ್! ನಾನು ಹೇಳುವ ಮೊದಲೇ ಅವನ ಬೆರಳು ಆ ವೈರನ್ನು ಎಳೆದು ನೋಡುತ್ತಿತ್ತು.

ಮುಂದಿನ ವಾರ ಅಲುಗಿದರೆ ಬಿಟ್ಟುಹೋಗುವ ಕೊಂಡಿಯನ್ನು ಮಾಡಬೇಕು. ಹಳೆಯ ಮೊಬೈಲಿನ ವೈಬ್ರೇಟರ್ ಮೋಟಾರನ್ನು ಹಲಗೆಗೆ ಅಂಟಿಸಿ ನೋಡುತ್ತೇನೆ.