ಶಾಲಾ ಮಕ್ಕಳ ಜೊತೆ ದೆಹಲಿ: ಪಟ್ಟಿಗಿಂತ ಮೊದಲು ಕ್ಯಾಲೆಂಡರ್ ನೋಡಿ

ದೆಹಲಿ ಪ್ರವಾಸ ಅಂದ ಕೂಡಲೇ ಸ್ಟಾಫ್ ರೂಮಿನಲ್ಲಿ ಶುರುವಾಗುವುದು ನೋಡಬೇಕಾದ ಜಾಗಗಳ ಪಟ್ಟಿ. ನನ್ನನ್ನು ಕೇಳಿದರೆ ಮೊದಲು ಕ್ಯಾಲೆಂಡರ್ ತೆಗೆಯಿರಿ. ರಾಷ್ಟ್ರೀಯ ವಸ್ತು ಸಂಗ್ರಹಾಲಯ, ಗಾಂಧಿ ಸ್ಮೃತಿ, ಇಂದಿರಾ ಗಾಂಧಿ ಸ್ಮಾರಕ, ತೀನ್ ಮೂರ್ತಿಯ ಪ್ರಧಾನಮಂತ್ರಿ ಸಂಗ್ರಹಾಲಯ, ರೈಲು ಮ್ಯೂಸಿಯಂ, ಕೆಂಪುಕೋಟೆ, ಇವಕ್ಕೆಲ್ಲ ಸೋಮವಾರ ರಜೆ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆಯಬೇಕು. ಶನಿವಾರ ಸಂಜೆ ಬೆಂಗಳೂರು ಬಿಟ್ಟರೆ ಸರಿಯಾಗಿ ಸೋಮವಾರವೇ ಹೋಗಿ ಇಳಿಯುತ್ತೀರಿ. ಬೇರೆ ದಿನ ಸಿಗದಿದ್ದರೆ ಸೋಮವಾರಕ್ಕೆ ಇಂಡಿಯಾ ಗೇಟ್, ಯುದ್ಧ ಸ್ಮಾರಕ, ಕುತುಬ್ ಮಿನಾರ್ ಇಟ್ಟುಕೊಳ್ಳಿ.

ನಮ್ಮ ಕಡೆ ಪ್ರವಾಸ ಅಂದರೆ ಡಿಸೆಂಬರ್. ಆಗ ಉತ್ತರದಲ್ಲಿ ಮಂಜು ಕವಿದು ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಜೊತೆಗೆ ನಮ್ಮ ಮಕ್ಕಳ ಬಳಿ ಆ ಚಳಿಗೆ ಆಗುವಂಥ ಸ್ವೆಟರ್ ಇರುವುದಿಲ್ಲ. ದೀಪಾವಳಿ ಆದಮೇಲೆ ಹೊಗೆಯ ಕಾಟ, ಉಬ್ಬಸ ಇರುವ ಮಕ್ಕಳಿಗೆ ತುಂಬ ಕಷ್ಟ. ದಸರಾ ರಜೆಯೇ ವಾಸಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅನುಮತಿ, ಪೋಷಕರ ಒಪ್ಪಿಗೆ ಪತ್ರ, ಒಟ್ಟಿಗೆ ಟಿಕೆಟ್ ಮಾಡಿಸಲು ಮುಖ್ಯ ಶಿಕ್ಷಕರ ಪತ್ರ, ಇವನ್ನೆಲ್ಲ ಬೇಗ ಮುಗಿಸಿಕೊಳ್ಳಿ.

ಇನ್ನು ಪಟ್ಟಿಯ ವಿಷಯ. ದಿನಕ್ಕೆ ಎರಡು ಜಾಗ ಸಾಕು. ಆರು ಜಾಗ ತೋರಿಸುತ್ತೇವೆ ಅನ್ನುವ ಟ್ರಾವೆಲ್ಸ್‌ನವರು ತೋರಿಸುವುದು ಆರು ಗೇಟುಗಳನ್ನು.

ರಾಷ್ಟ್ರೀಯ ವಸ್ತು ಸಂಗ್ರಹಾಲಯದಲ್ಲಿ ಎಲ್ಲ ಮಹಡಿ ಹತ್ತಿಸಲು ಹೋಗಬೇಡಿ. ಹರಪ್ಪ ವಿಭಾಗ ಒಂದನ್ನೇ ಸಾವಕಾಶವಾಗಿ ನೋಡಲಿ. ಪಠ್ಯಪುಸ್ತಕದಲ್ಲಿ ಅರ್ಧ ಪುಟ ತುಂಬುವ ಮೊಹೆಂಜೊದಾರೊ ನರ್ತಕಿಯ ಕಂಚಿನ ವಿಗ್ರಹ ಇಲ್ಲಿ ಬರೀ 10.5 ಸೆಂಟಿಮೀಟರ್, ಒಂದು ಗೇಣೂ ಇಲ್ಲ. ಮೊದಲೇ ಹೇಳದಿದ್ದರೆ ಮಕ್ಕಳು ಪಕ್ಕದಲ್ಲೇ ಹಾದುಹೋದರೂ ಗೊತ್ತಾಗುವುದಿಲ್ಲ. "ಎರಡೂ ಕೈಯ ಬಳೆ ಎಣಿಸಿ ಬನ್ನಿ" ಎಂದು ನಾವು ಹೋಗಿದ್ದಾಗ ಮಕ್ಕಳನ್ನು ಕಳಿಸಿದೆವು. ಬಲಗೈಯಲ್ಲಿ ನಾಲ್ಕೇ, ಎಡಗೈಯಲ್ಲಿ ಭುಜದವರೆಗೂ ಬಳೆ. ಎಡಗೈ ಲೆಕ್ಕ ಒಬ್ಬೊಬ್ಬರದು ಒಂದೊಂದು ಬಂತು, ಜಗಳ ಬಿದ್ದು ಮತ್ತೆ ಓಡಿಹೋಗಿ ಎಣಿಸಿದರು. ಗೈಡ್ ಅರ್ಧ ಗಂಟೆ ಭಾಷಣ ಮಾಡಿದ್ದರೂ ಅಷ್ಟು ನೋಡುತ್ತಿರಲಿಲ್ಲ.

ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೂ ಇದೇ ಉಪಾಯ. 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ಇದು ಇಂಡಿಯಾ ಗೇಟ್ ಪಕ್ಕದಲ್ಲೇ ಇದೆ, ಪ್ರವೇಶ ಉಚಿತ. ತ್ಯಾಗ ಚಕ್ರದ ಗ್ರಾನೈಟ್ ಗೋಡೆಗಳ ಮೇಲೆ 25,000ಕ್ಕೂ ಹೆಚ್ಚು ಯೋಧರ ಹೆಸರುಗಳಿವೆ. ಊರು ಬಿಡುವ ಮುಂಚೆ ನಿಮ್ಮ ಜಿಲ್ಲೆಯ ಹುತಾತ್ಮರ ಹೆಸರು ಬರೆದುಕೊಂಡು ಹೋಗಿ, ಹುಡುಕಲು ಬಿಡಿ. ಪರಮ ಯೋಧ ಸ್ಥಳದಲ್ಲಿ ಪರಮವೀರ ಚಕ್ರ ಪಡೆದ 21 ಮಂದಿಯ ಪ್ರತಿಮೆಗಳಿವೆ. ಅವರಲ್ಲಿ 1961ರಲ್ಲಿ ಕಾಂಗೊದಲ್ಲಿ ಮಡಿದ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಬೆಂಗಳೂರಿನ ಮಿಲಿಟರಿ ಶಾಲೆಯಲ್ಲೂ ಓದಿದವರು. ಅದನ್ನು ಹೇಳಿದರೆ ಮಕ್ಕಳು ಇನ್ನೊಂದು ಸಲ ತಿರುಗಿ ನೋಡುತ್ತಾರೆ.

ಗಾಂಧಿ ಸ್ಮೃತಿಯನ್ನು ಬೆಳಿಗ್ಗೆಗೇ ಇಟ್ಟುಕೊಳ್ಳಿ, ಜನ ಕಡಿಮೆ. ಗಾಂಧೀಜಿ ಕೊನೆಯ 144 ದಿನ ಇದ್ದ ಮನೆ ಇದು. ಅವರ ಕೋಣೆಯಿಂದ ಪ್ರಾರ್ಥನಾ ಸ್ಥಳದವರೆಗೆ, 1948ರ ಜನವರಿ 30ರ ಸಂಜೆ ನಡೆದ ದಾರಿಯುದ್ದಕ್ಕೂ ಹೆಜ್ಜೆ ಗುರುತು ಮಾಡಿಟ್ಟಿದ್ದಾರೆ. ಇಲ್ಲಿ ಪ್ರಶ್ನೆಪತ್ರಿಕೆ, ವರ್ಕ್‌ಶೀಟ್ ಏನೂ ಬೇಡ; ಆ ಹೆಜ್ಜೆಗಳ ಪಕ್ಕದಲ್ಲಿ ಸಾಲಾಗಿ ನಡೆಸಿ, ಅಷ್ಟೇ. ಹತ್ತಿರದ ಮೆಟ್ರೊ ನಿಲ್ದಾಣ ಲೋಕ ಕಲ್ಯಾಣ್ ಮಾರ್ಗ್. ಸಫ್ದರ್‌ಜಂಗ್ ರಸ್ತೆಯ ಇಂದಿರಾ ಗಾಂಧಿ ಸ್ಮಾರಕಕ್ಕೂ ಅಲ್ಲೇ ಇಳಿಯಬಹುದು. ರಾಜಘಾಟ್‌ಗಾದರೆ ದಿಲ್ಲಿ ಗೇಟ್.

ಮೆಟ್ರೊದಲ್ಲಿ ಭದ್ರತಾ ತಪಾಸಣೆಗೇ ಸಮಯ ಹೋಗುತ್ತದೆ, ಗಂಡು-ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಸಾಲು. ಎರಡೂ ಸಾಲಿನ ತುದಿಯಲ್ಲಿ ಒಬ್ಬೊಬ್ಬ ಶಿಕ್ಷಕರು ನಿಲ್ಲಲಿ. ರೈಲು ಹತ್ತುವಾಗ ಒಬ್ಬರು ಮೊದಲು, ಒಬ್ಬರು ಎಲ್ಲರಿಗಿಂತ ಕೊನೆಗೆ. ಬಾಗಿಲು ಮುಚ್ಚಿ ಯಾರಾದರೂ ಹಿಂದೆ ಉಳಿದರೆ ನಿಂತಲ್ಲೇ ನಿಲ್ಲಬೇಕು, ಒಬ್ಬರೇ ಮುಂದೆ ಹೋಗಿಬಿಟ್ಟರೆ ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ಕಾಯಬೇಕು. ಇದನ್ನು ಬಾಯಿಪಾಠ ಮಾಡಿಸಿ. ಶಿಕ್ಷಕರ ಫೋನ್ ನಂಬರ್ ಪ್ರತಿ ಮಗುವಿನ ಕೊರಳ ಕಾರ್ಡಿನಲ್ಲಿರಲಿ.

ಊಟದ ಮಾತು ಮುಂಗಡ ಕೊಡುವಾಗಲೇ ಆಗಲಿ. ಎರಡನೇ ದಿನಕ್ಕೇ ಮಕ್ಕಳು ರೊಟ್ಟಿ-ದಾಲ್ ಸಾಕು, ಅನ್ನ ಕೊಡಿಸಿ ಅನ್ನುತ್ತಾರೆ. ವಾಪಸು ಹೊರಡುವ ದಿನಕ್ಕೆ ಚಾಣಕ್ಯಪುರಿಯ ರೈಲು ಮ್ಯೂಸಿಯಂ ಉಳಿಸಿಕೊಳ್ಳಿ: ಹಳೆಯ ಉಗಿ ಎಂಜಿನ್‌ಗಳಿವೆ, ಬಯಲಲ್ಲಿ ಓಡಾಡಲು ಬೇಕಾದಷ್ಟು ಜಾಗ ಇದೆ, ಪುಟಾಣಿ ರೈಲೂ ಇದೆ. ಅದರ ಟಿಕೆಟ್ ಹಣವನ್ನು ಮೊದಲೇ ಬಜೆಟ್‌ನಲ್ಲಿ ಸೇರಿಸಿ, ಹತ್ತದೆ ಒಬ್ಬ ಮಗುವೂ ಹೊರಗೆ ಬರುವುದಿಲ್ಲ.