ನೆನಪಿನ ಶಕ್ತಿ ಮತ್ತು ಹಸಿ ಉಳ್ಳಾಗಡ್ಡಿ

ಧಾರವಾಡದ ಸಪ್ತಾಪುರದ ರೂಮುಗಳಲ್ಲಿ ಪರೀಕ್ಷೆಗೆ ಓದುವ ಮಕ್ಕಳೇ, ಖಾನಾವಳಿಯ ತಾಟಿನಲ್ಲಿ ಹಸಿ ಉಳ್ಳಾಗಡ್ಡಿ ಬಿಡಬೇಡಿ. ಅದರಲ್ಲಿರುವ ನಾರು ಕರುಳಿನ ಮೂಲಕ ನೆನಪಿಗೂ ನೆರವಾಗಬಹುದು.

ನಾವು ಅರಗಿಸಲಾರದ ನಾರು ದೊಡ್ಡ ಕರುಳಿಗೆ ಇಳಿದು ಬ್ಯಾಕ್ಟೀರಿಯಾಗಳ ಊಟವಾಗುತ್ತದೆ. ಅವು ಅದನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ಮಾಡುತ್ತವೆ. ಕರುಳಿನ ಒಳಪದರ ಗಟ್ಟಿಯಾಗಿರಲು ಇದು ನೆರವಾಗುತ್ತದೆ. ಪದರ ಸಡಿಲಾದರೆ ಉರಿಯೂತ ಹುಟ್ಟಿಸುವ ಕಣಗಳು ರಕ್ತಕ್ಕೆ ಸೋರುತ್ತವೆ, ಅದರ ಬಿಸಿ ಮಿದುಳಿಗೂ ತಟ್ಟುತ್ತದೆ. ಇನ್ನೊಂದು ದಾರಿ ಕರುಳು ಮತ್ತು ಮಿದುಳನ್ನು ಜೋಡಿಸುವ ವೇಗಸ್ ನರ. 2011ರ ಪ್ರಯೋಗವೊಂದರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ತಿನ್ನಿಸಿದ ಇಲಿಗಳ ಆತಂಕ ಇಳಿಯಿತು; ಆ ನರ ಕತ್ತರಿಸಿದ ಇಲಿಗಳಲ್ಲಿ ಇಳಿಯಲಿಲ್ಲ.

ದೇಹದಲ್ಲಿ ಮನಸ್ಸಿನ ಸ್ಥಿತಿಯನ್ನು ಪ್ರಭಾವಿಸುವ ರಾಸಾಯನಿಕವಾದ ಸೆರೊಟೋನಿನ್‌ನಲ್ಲಿ ಸುಮಾರು ಶೇ. 90 ಕರುಳಿನಲ್ಲೇ ತಯಾರಾಗುತ್ತದೆ ಎನ್ನುವುದು ನಿಜ. ಆದರೆ ಅದು ರಕ್ತದಿಂದ ಮಿದುಳಿನೊಳಗೆ ದಾಟುವುದಿಲ್ಲ. ಶೇ. 90ರ ಲೆಕ್ಕ ಹೇಳಿ ಮಾತ್ರೆ ಮಾರುವವರನ್ನು ನಂಬಬೇಡಿ.

ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ನನಗೆ ಗಟ್ಟಿ ಎನಿಸಿದ್ದು ಲಂಡನ್ನಿನ ಕಿಂಗ್ಸ್ ಕಾಲೇಜಿನದು, 2024ರಲ್ಲಿ ಪ್ರಕಟವಾದದ್ದು. 60 ದಾಟಿದ 36 ಜೋಡಿ ಅವಳಿಗಳು, 12 ವಾರ. ಜೋಡಿಯಲ್ಲಿ ಒಬ್ಬರಿಗೆ ಇನ್ಯುಲಿನ್ ಜಾತಿಯ ನಾರು, ಇನ್ನೊಬ್ಬರಿಗೆ ಆ ನಾರಿಲ್ಲದ ಹುಸಿ ಪುಡಿ. ಸ್ನಾಯುಬಲ ಹೆಚ್ಚಲಿಲ್ಲ, ನೆನಪಿನ ಪರೀಕ್ಷೆಯ ಅಂಕ ಹೆಚ್ಚಿತು. ಉಳ್ಳಾಗಡ್ಡಿ, ಬಳ್ಳೊಳ್ಳಿಯಲ್ಲಿರುವುದೂ ಇದೇ ಜಾತಿಯ ನಾರು.

ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 5 ಗ್ರಾಂ ಇರುತ್ತದೆ. ಎರಡು ರೊಟ್ಟಿ, ಒಂದು ಬಟ್ಟಲು ಮಡಕಿಕಾಳು ಪಲ್ಯ, ಒಂದು ಚಮಚ ಅಗಸಿ ಚಟ್ನಿ, ಅರ್ಧ ಉಳ್ಳಾಗಡ್ಡಿ: ಒಂದೇ ಊಟದಲ್ಲಿ ಅರ್ಧಕ್ಕಿಂತ ಹೆಚ್ಚು ಬಂತು. ಅನ್ನ ಸಾರಿಗೆ ಒಗ್ಗಿದ ಹೊಟ್ಟೆಗೆ ಇದನ್ನೆಲ್ಲ ಒಮ್ಮೆಲೇ ತುಂಬಿದರೆ ಉಬ್ಬರ ಖಂಡಿತ. ಮೊದಲ ವಾರ ದಿನ ಬಿಟ್ಟು ದಿನ ಅರ್ಧ ಬಟ್ಟಲು ಕಾಳು ಸಾಕು, ನೀರು ಹೆಚ್ಚು ಕುಡಿಯಿರಿ, ಮೂರು ವಾರದಲ್ಲಿ ಪೂರ್ಣ ಪ್ರಮಾಣಕ್ಕೆ ಬನ್ನಿ.

ಮೊಸರಿನದು ಬೇರೆ ಲೆಕ್ಕ. ಅದರ ಬ್ಯಾಕ್ಟೀರಿಯಾ ಕರುಳಿನಲ್ಲಿ ಮನೆ ಕಟ್ಟುವುದಿಲ್ಲ, ಬಂದು ಹೋಗುತ್ತದೆ. ಅದಕ್ಕೇ ದಿನವೂ ಬೇಕು. ಕುದಿಸಿದ ಮಜ್ಜಿಗೆ ಸಾರಿನಲ್ಲಿ ಅವು ಜೀವಂತ ಉಳಿಯುವುದಿಲ್ಲ. ರೂಮಿನಲ್ಲೇ ಹೆಪ್ಪು ಹಾಕುವವರು ಅರ್ಧ ಲೀಟರ್ ಹಾಲು ಕಾಯಿಸಿ, ಬೆರಳು ತಾಳುವಷ್ಟು ಬೆಚ್ಚಗಾದ ಮೇಲೆ ಒಂದು ಸಣ್ಣ ಚಮಚ ಮೊಸರು ಕಲಸಿ 6-8 ತಾಸು ಅಲುಗಾಡಿಸದೆ ಇಡಿ. ಸುಡುವ ಹಾಲಿಗೆ ಹಾಕಿದರೆ ಹೆಪ್ಪೇ ಸಾಯುತ್ತದೆ. ಚಳಿಗಾಲದಲ್ಲಿ ಪಾತ್ರೆಗೆ ಟವೆಲ್ ಸುತ್ತಿ.

ಊರಲ್ಲಿರುವ ಅಜ್ಜ-ಅಜ್ಜಿಗೆ ಮರೆವು ಹೆಚ್ಚಿದ್ದರೆ ಊಟ ಬದಲಿಸುವ ಮೊದಲು ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಅದನ್ನು ಉಳ್ಳಾಗಡ್ಡಿ ತುಂಬಿಕೊಡುವುದಿಲ್ಲ.